ಹಸಿರು ಜಾಲಿ ತೆಗೆದ ಮೇಲೆ ಕಂಡ ಬಣ್ಣ

(ಮಾಟುಂಗಾದ ಕನ್ನಡ ಸಂಘವೊಂದರಲ್ಲಿ ಭಾನುವಾರ ಸಂಜೆ ಮಾತಾಡಿದ್ದನ್ನು ಆಮೇಲೆ ಕೂತು ಬರೆದಿದ್ದೇನೆ. ಒಂದೆರಡು ಕಡೆ ಜಾಸ್ತಿ ಸೇರಿಸಿದ್ದೇನೆ, ಒಂದೆರಡು ಜೋಕು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಸಂಘದವರು ಫೋನ್ ಮಾಡಿ "ಈಗ ಮನೆಗೆ ಯಾವ ಬಣ್ಣ ನಡೀತಿದೆ, ಯಾವ ಶೇಪ್ ನಡೀತಿದೆ, ಅದರ ಬಗ್ಗೆ ಸ್ವಲ್ಪ ಮಾತಾಡಿ" ಅಂದರು. ಮನೆಗಳ ಒಳಾಂಗಣ ವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ಬಣ್ಣ ಅಂದ ಕೂಡಲೇ ನನಗೆ ಮುಲುಂಡಿನ ಒಂದು ಮನೆ ನೆನಪಾಗುತ್ತದೆ. ಅಲ್ಲಿಂದಲೇ ಶುರು ಮಾಡುತ್ತೇನೆ. ಅದು ನನ್ನ ಮರ್ಯಾದೆ ಹೋದ ಕಥೆ, ಬೇರೆಯವರ ಬಾಯಲ್ಲಿ ನೀವು ಕೇಳುವ ಮೊದಲು ನಾನೇ ಹೇಳಿಬಿಡುವುದು ವಾಸಿ.

ನಾಲ್ಕನೇ ಮಾಳಿಗೆಯ ಎರಡು ಬೆಡ್‌ರೂಮಿನ ಮನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಸೊಸೈಟಿಯ ರಿಪೇರಿ ನಡೀತಿತ್ತು, ಹೊರಗೆ ಬಿದಿರು ಕಟ್ಟಿ ಇಡೀ ಬಿಲ್ಡಿಂಗಿಗೆ ಹಸಿರು ಜಾಲಿ, ಅಂದರೆ ಬಲೆಯಂಥ ಪರದೆ, ಇಳಿಬಿಟ್ಟಿದ್ದರು. ಹೇಗೂ ಧೂಳು ಇದ್ದೇ ಇದೆ, ಇದೇ ಸಮಯದಲ್ಲಿ ಒಳಗಿನ ಬಣ್ಣವನ್ನೂ ಮುಗಿಸೋಣ ಅಂದರು ಅವರು. ಹೌದು ಅಂದೆ ನಾನು. ಅವರಿಗೆ ಬೇಕಾದದ್ದು ಬೀಜ್, ಅಂದರೆ ಗೋಧಿ ಹಿಟ್ಟಿಗೆ ಚೂರು ಹಾಲು ಹಾಕಿದ ಹಾಗಿರುವ ಬಣ್ಣ. ಮೂರು ಶೇಡ್ ತಂದು ಹಾಲ್‌ನ ಗೋಡೆಗೆ ಬಳಿದು, ಎದುರಿಗೆ ಕೂತು ಚಹಾ ಕುಡಿದು, ನಡುವಿನದ್ದೇ ಚೆನ್ನಾಗಿದೆ ಅಂತ ಮೂವರೂ ಒಪ್ಪಿದೆವು. ಕೆಲಸ ಮುಗಿಯಿತು. ಸತ್ಯನಾರಾಯಣ ಪೂಜೆಗೂ ಹೋಗಿ ಬಂದೆ. ಎರಡು ತಿಂಗಳ ಮೇಲೆ ಒಂದು ದಿನ ಬೆಳಿಗ್ಗೆ ಏಳಕ್ಕೆ ಫೋನು. "ಮೇಡಂ, ಮನೆ ಗುಲಾಬಿ ಆಗಿದೆ."

ಮನೆ ಹೇಗೆ ಗುಲಾಬಿ ಆಗುತ್ತದೆ? ಹೋಗಿ ನೋಡಿದೆ. ಆಗಿತ್ತು. ಹಿಂದಿನ ದಿನ ಕಂಟ್ರಾಕ್ಟರ್ ಜಾಲಿ ಬಿಚ್ಚಿದ್ದ. ಮದುವೆಮನೆಯಲ್ಲಿ ಮಕ್ಕಳಿಗೆ ಕೊಡುವ ಸ್ಟ್ರಾಬೆರಿ ಐಸ್‌ಕ್ರೀಮ್ ಕರಗಿದರೆ ಹೇಗಿರುತ್ತದೆ, ಗೋಡೆ ಹಾಗಿತ್ತು.

ಆಗಿದ್ದು ಇಷ್ಟೇ. ನಾವು ಆರಿಸಿದ ಬೀಜ್‌ನಲ್ಲಿ ಮೊದಲಿನಿಂದಲೂ ಕೆಂಪು ಅಂಶ ಇತ್ತು. ಜಾಲಿಯಿಂದ ಸೋಸಿ ಬರುತ್ತಿದ್ದ ಹಸಿರು ಬೆಳಕು ಆ ಕೆಂಪನ್ನು ತಿಂದುಹಾಕುತ್ತಿತ್ತು, ನಮ್ಮ ಕಣ್ಣಿಗೆ ಗೋಧಿ ಹಿಟ್ಟು ಕಾಣುತ್ತಿತ್ತು. ಜಾಲಿ ಹೋಯಿತು, ಕೆಂಪು ಹೊರಗೆ ಬಂತು. ಪೇಂಟರ್ ತಪ್ಪಲ್ಲ, ಅಂಗಡಿಯವನ ತಪ್ಪಲ್ಲ, ಡಬ್ಬಿ ಸರಿಯಾಗಿಯೇ ಇತ್ತು. ಹದಿನೆಂಟು ವರ್ಷದಿಂದ ಈ ಕೆಲಸ ಮಾಡುವವಳಿಗೆ ಕಿಟಕಿಯಾಚೆ ಏನಿದೆ ಅಂತ ನೋಡಬೇಕು ಅನ್ನುವುದು ಹೊಳೆಯಲಿಲ್ಲ. ಮಜೂರಿ ನಾನು ಕೊಟ್ಟೆ, ಬಣ್ಣ ಅವರು ಕೊಂಡರು, ಮತ್ತೆ ಬಳಿಸಿದೆವು.

ಹಾಗಾಗಿ ಇವತ್ತು ನಾನು ಹೇಳುವ ಟ್ರೆಂಡುಗಳನ್ನೆಲ್ಲ ಈ ಜಾಲಿ ನೆನಪಿಟ್ಟುಕೊಂಡೇ ಕೇಳಿ. ಬಣ್ಣ ಡಬ್ಬಿಯಲ್ಲಿ ಅರ್ಧ ಮಾತ್ರ ಇರುತ್ತದೆ, ಉಳಿದ ಅರ್ಧ ನಿಮ್ಮ ಕಿಟಕಿಯಲ್ಲಿ. ಮುಂಬಯಿಯಲ್ಲಿ ನಮ್ಮ ಕಿಟಕಿಗೆ ಆಕಾಶದಿಂದ ನೇರ ಬೆಳಕು ಬರುವುದು ಎಷ್ಟು ಮನೆಗಳಿಗೆ ಹೇಳಿ? ಎದುರು ಬಿಲ್ಡಿಂಗಿನ ಗೋಡೆಗೆ ಬಡಿದು, ಆ ಗೋಡೆಯ ಬಣ್ಣ ಹಚ್ಚಿಕೊಂಡು ನಮ್ಮ ಮನೆಗೆ ಬರುತ್ತದೆ. ಎದುರಿನವರು ಇಟ್ಟಿಗೆ ಬಣ್ಣ ಹೊಡೆಸಿದರೆ ನಿಮ್ಮ ಬಿಳಿ ಗೋಡೆ ಮಧ್ಯಾಹ್ನ ಚೂರು ಕೆಂಪಗೆ. ಮಳೆಗಾಲದಲ್ಲಿ ಸುತ್ತ ನೀಲಿ ತಾಡಪತ್ರಿ ಬಿಗಿದಾಗ ಕೇಳುವುದೇ ಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಏನು ನಡೀತಿದೆ? ಒಂದೇ ಮಾತಲ್ಲಿ ಹೇಳಬೇಕಂದರೆ ಬೂದು ಹೋಯಿತು, ಮಣ್ಣು ಬಂತು. ಏಳೆಂಟು ವರ್ಷದ ಹಿಂದೆ ಯಾರ ಮನೆಗೆ ಹೋದರೂ ಬೂದು ಸೋಫಾ, ಬೂದು ಗೋಡೆ, ಬೂದು ಟೈಲ್ಸು, ಮೇಲೆ ಬಿಳಿ ಟ್ಯೂಬು. ಬ್ಯಾಂಕಿನ ಲಾಕರ್ ರೂಮಿಗೆ ಬಂದ ಹಾಗೆ. ನಾನೇ ಎಷ್ಟೋ ಮಾಡಿಕೊಟ್ಟಿದ್ದೇನೆ, ಅಲ್ಲಗಳೆಯಲ್ಲ. ಈಗ ಜನ ಕೇಳುವುದು ಹಂಚಿನ ಕೆಂಪು, ಕಾಫಿ ಕಂದು, ಅರೆದ ಸಾಸಿವೆಯ ಹಳದಿ, ಬೂದಿ ಬೆರೆತ ಹಸಿರು, ಅದಕ್ಕೇ ಇವರು ಸೇಜ್ ಗ್ರೀನ್ ಅನ್ನುವುದು. ಇನ್ನೊಂದು ಬರ್ಗಂಡಿ. ಮೊದಲ ಸಲ ಒಬ್ಬ ಹುಡುಗಿ ಫೋನಲ್ಲಿ ಬರ್ಗಂಡಿ ತೋರಿಸಿದಾಗ ನನಗೆ ನಗು ಬಂತು. ಅದು ನಮ್ಮ ಕುಮಟೆಯ ಅಂಗಳದಲ್ಲಿ ಒಣಗಲು ಹಾಕಿದ ಮುರುಗಲು ಸಿಪ್ಪೆಯ ಬಣ್ಣ, ಎರಡು ದಿನ ಬಿಸಿಲು ತಿಂದದ್ದು.

ಈ ಬಣ್ಣಗಳನ್ನು ಯಾರು ನಿರ್ಧಾರ ಮಾಡುತ್ತಾರೆ ಅಂತ ಕೇಳುತ್ತೀರಿ. ವರ್ಷದ ಬಣ್ಣ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದನ್ನು ಹೇಳುವ ಪ್ಯಾಂಟೋನ್ ಅನ್ನುವ ಅಮೆರಿಕದ ಕಂಪನಿ ಗೋಡೆ ಬಣ್ಣದಿಂದ ಹೆಸರು ಮಾಡಿದ್ದಲ್ಲ. ಅವರ ಮೂಲ ಪ್ರಿಂಟಿಂಗ್. 1963ರಲ್ಲಿ ಅವರು ಶಾಯಿಗಳಿಗೆ ನಂಬರ್ ಕೊಟ್ಟು ಒಂದು ಪಟ್ಟಿ ಮಾಡಿದರು, ನ್ಯೂಯಾರ್ಕಿನಲ್ಲಿ ಹೇಳಿದ ಕೆಂಪು ಮುಂಬಯಿಯ ಪ್ರೆಸ್ಸಿನಲ್ಲೂ ಅದೇ ಕೆಂಪಾಗಿ ಬರಲಿ ಅಂತ. ವರ್ಷದ ಬಣ್ಣದ ಚಾಳಿ ಶುರುವಾದದ್ದು 2000ನೇ ಇಸವಿಯ ನೀಲಿಯಿಂದ. 2024ಕ್ಕೆ ಪೀಚ್ ಫಝ್ ಅಂದರು. 2025ಕ್ಕೆ ಮೋಕಾ ಮೂಸ್. 2026ಕ್ಕೆ ಕ್ಲೌಡ್ ಡ್ಯಾನ್ಸರ್. ಮೋಕಾ ಮೂಸ್ ಏನೂ ಹೊಸದಲ್ಲ, ಇಲ್ಲಿಂದ ಹೊರಗೆ ಹೋಗಿ ಮಾಟುಂಗಾ ಸ್ಟೇಷನ್ ಹತ್ತಿರ ಒಂದು ಫಿಲ್ಟರ್ ಕಾಫಿ ಹೇಳಿ, ಬಟ್ಟಲಿಗೆ ಸುರಿದಾಗ ನೊರೆ ಕೆಳಗೆ ಕಾಣುವ ಬಣ್ಣ ಅದೇ. ಕ್ಲೌಡ್ ಡ್ಯಾನ್ಸರ್ ಅಂದರೆ ಬಿಳಿ. ಬರೀ ಬಿಳಿ. ಸುಣ್ಣ ಬಳಿದ ಮೂರನೇ ದಿನದ ಬಿಳಿ. ಅಷ್ಟಕ್ಕೆ ಇಷ್ಟು ದೊಡ್ಡ ಹೆಸರು.

ನಮ್ಮಲ್ಲೂ ಈ ಪದ್ಧತಿ ಬಂದು ಬಹಳ ವರ್ಷ ಆಯಿತು. 1942ರಲ್ಲಿ ಇದೇ ಮುಂಬಯಿಯಲ್ಲಿ ಶುರುವಾದ ಏಷ್ಯನ್ ಪೇಂಟ್ಸ್ ಕೂಡ ವರ್ಷದ ಬಣ್ಣ ಹೇಳುತ್ತದೆ, 2024ಕ್ಕೆ ಟೆರಾ ಅಂದಿತ್ತು, ಅದೂ ಮಣ್ಣಿನದ್ದೇ. ಇಲ್ಲಿ ಹಿರಿಯರು ಇದ್ದೀರಿ, ನಿಮಗೆ ಅವರ ಜಾಹೀರಾತಿನ ಗಟ್ಟು ನೆನಪಿರಬೇಕು, ಹಣೆ ಮೇಲೆ ಕೂದಲು ಬಿಟ್ಟುಕೊಂಡು ಕೈಯಲ್ಲಿ ಡಬ್ಬಿ ಬ್ರಷ್ ಹಿಡಿದ ತುಂಟ ಹುಡುಗ. 1954ರಲ್ಲಿ ಅವನನ್ನು ಬರೆದುಕೊಟ್ಟದ್ದು ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್. ಹಾಗೆ ನೋಡಿದರೆ ಈ ಊರಿನ ಗೋಡೆಗಳಿಗೆ ಕನ್ನಡದವರ ಕೈ ತಾಗಿ ಕಾಲವೇ ಆಯಿತು.

ಮಣ್ಣಿನ ಬಣ್ಣಕ್ಕೆ ಜನ ಯಾಕೆ ತಿರುಗಿದರು? ನನ್ನ ಅಂದಾಜು, ಕೊರೋನಾ ಕಾಲದಲ್ಲಿ ಎಲ್ಲರೂ ಆ ಬೂದು ಗೋಡೆಗಳನ್ನು ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ನೋಡಿದರು, ಸಾಕಾಯಿತು. ಮೊದಲು ಬೆಳಿಗ್ಗೆ 7.40ರ ಲೋಕಲ್ ಹಿಡಿದರೆ ರಾತ್ರಿಯೇ ಮನೆ. ಮನೆ ಮಲಗುವುದಕ್ಕೆ ಮಾತ್ರ ಇದ್ದಾಗ ಗೋಡೆ ಹೇಗಿದ್ದರೇನು.

ಈಗ ಇನ್ನೊಂದು ಫ್ಯಾಷನ್ ನೋಡಿ, ಲೈಮ್‌ವಾಶ್. ದೊಡ್ಡ ದೊಡ್ಡ ಮನೆಗಳ ಫೋಟೋಗಳಲ್ಲಿ ಮೋಡ ಮೋಡವಾಗಿ, ಒಂದು ಕಡೆ ತೆಳು, ಒಂದು ಕಡೆ ಗಾಢ ಇರುವ ಗೋಡೆ. ಕನ್ನಡದಲ್ಲಿ ಅದಕ್ಕೆ ಸುಣ್ಣ ಅನ್ನುತ್ತಾರೆ! ನನ್ನ ಅಜ್ಜ ಚೌತಿಗೆ ಮೊದಲು ಚಿಪ್ಪಿನ ಸುಣ್ಣ ನೆನೆಹಾಕಿ, ಚೂರು ನೀಲಿ ಬೆರೆಸಿ, ಕೇದಗೆ ಬೇರು ಜಜ್ಜಿ ಮಾಡಿದ ಕುಂಚದಿಂದ ಅರ್ಧ ದಿನದಲ್ಲಿ ಜಗಲಿ ಮುಗಿಸುತ್ತಿದ್ದರು. ಮೋಡ ಬಂದರೆ "ಸರಿಯಾಗಿ ಬಳಿದಿಲ್ಲ" ಅಂತ ಅಜ್ಜಿ ಬೈಯುತ್ತಿದ್ದರು. ಈಗ ಆ ಮೋಡಕ್ಕೇ ಚದರಡಿ ಲೆಕ್ಕದಲ್ಲಿ ದುಡ್ಡು. ತಮಾಷೆ ಬಿಡಿ, ಸುಣ್ಣ ಒಳ್ಳೆಯದು, ಗೋಡೆಯನ್ನು ಉಸಿರಾಡಲು ಬಿಡುತ್ತದೆ, ಕ್ಷಾರ ಇರುವುದರಿಂದ ಬೂಸು ಸುಲಭಕ್ಕೆ ಹಿಡಿಯುವುದಿಲ್ಲ. ಆದರೆ ಅದು ಸುಣ್ಣದ ಅಥವಾ ಸಿಮೆಂಟಿನ ಒರಟು ಗೋಡೆಗೆ ಕಚ್ಚಿಕೊಳ್ಳುವ ವಸ್ತು. ನಮ್ಮ ಫ್ಲ್ಯಾಟುಗಳಲ್ಲಿ ಪುಟ್ಟಿ ಮೇಲೆ ಪ್ಲಾಸ್ಟಿಕ್ ಪೇಂಟ್ ಮೂರು ಪದರ ಕೂತಿರುತ್ತದೆ, ಅದರ ಮೇಲೆ ಸೀದಾ ಬಳಿದರೆ ಆರು ತಿಂಗಳಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಹಳೆಯದು ಕೆರೆಯಬೇಕು, ಇಲ್ಲವೇ ಅದಕ್ಕೆಂದೇ ಇರುವ ಪ್ರೈಮರ್ ಹಾಕಬೇಕು. ಇನ್ನು ಗೋಡೆಯಲ್ಲಿ ಸೀಪೇಜ್ ಇದ್ದರೆ ಮೊದಲು ಮೇಲಿನ ಮನೆಯವರ ಬಾತ್‌ರೂಮ್ ನೋಡಿ, ಆಮೇಲೆ ಬಣ್ಣ ನೋಡಿ.

ಹಳೆಯದರ ಮಾತು ಬಂದಾಗ ಕಾವಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಗೋವಾದಿಂದ ಹಿಡಿದು ನಮ್ಮ ಅಂಕೋಲ, ಕುಮಟಾ, ಭಟ್ಕಳದವರೆಗೆ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಕಾವಿ ಕಲೆ ನೋಡಿದ್ದೀರಲ್ಲ. ಬಿಳಿ ಸುಣ್ಣದ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಒಂದು ಪದರ, ಅದು ಹಸಿ ಇರುವಾಗಲೇ ಚೂಪು ಕಬ್ಬಿಣದಿಂದ ಕೆರೆದು ಕೆಳಗಿನ ಬಿಳಿ ಎಬ್ಬಿಸುವುದು. ಎರಡೇ ಬಣ್ಣ. ಆಕಾರಕ್ಕೆ ಒಂದು ಕೈವಾರ, ಒಂದು ದಾರ. ಅಷ್ಟರಲ್ಲೇ ಚಕ್ರ, ಹೂವು, ಬಳ್ಳಿ, ದೇವರು ಎಲ್ಲ. ಈಗಿನ ಡಿಸೈನಿನವರು ಹೇಳುವ ಟೆರ್ರಾಕೋಟಾ ಮತ್ತು ಆಫ್‌ವೈಟ್ ಜೋಡಿ, ಅದಕ್ಕೆ ದುಂಡು ಮೋಟಿಫು, ಇದಕ್ಕಿಂತ ಬೇರೆ ಏನು? ಕಳೆದ ವರ್ಷ ಡೊಂಬಿವಿಲಿಯ ಒಂದು ಮನೆಗೆ, ಊರು ಶಿರಾಲಿ ಕಡೆಯವರು, ದೇವರ ಗೂಡಿನ ಹಿಂದೆ ಎರಡಡಿ ಅಗಲದ ಕಾವಿ ಚಕ್ರ ಒಂದನ್ನು ಮಾಡಿಸಿದೆ. ಉಳಿದ ಗೋಡೆಗಳೆಲ್ಲ ಸುಮ್ನೆ ಬಿಳಿ. ಮನೆಗೆ ಬಂದವರು ಬೇರೆ ಏನನ್ನೂ ನೋಡುವುದಿಲ್ಲ.

ಕಾವಿಯ ಜೊತೆ ನೆಲದ ಮಾತೂ ಬರುತ್ತದೆ. ಊರಲ್ಲಿ ಕೆಂಪು ಸಿಮೆಂಟಿನ ನೆಲ ಇದ್ದ ಮನೆಗಳಲ್ಲಿ ಬಿಳಿ ಗೋಡೆ ಯಾವತ್ತೂ ಆಸ್ಪತ್ರೆ ಥರ ಕಾಣಲಿಲ್ಲ, ಗಮನಿಸಿದ್ದೀರಾ? ಬಾಗಿಲಿಂದ ಬಂದ ಬಿಸಿಲು ಕೆಂಪು ನೆಲಕ್ಕೆ ಬಿದ್ದು, ಬೆಚ್ಚಗಿನ ಬಣ್ಣ ಹೊತ್ತು ಗೋಡೆಗೆ ಏರುತ್ತಿತ್ತು. ಇಲ್ಲಿ ಬಿಲ್ಡರ್ ಕೊಟ್ಟ ಬಿಳಿ ವಿಟ್ರಿಫೈಡ್ ಟೈಲ್ಸ್, ಎರಡಡಿ ಬೈ ಎರಡಡಿ, ಕನ್ನಡಿ ಥರ ಹೊಳೆಯುತ್ತದೆ, ಎದುರು ಬಿಲ್ಡಿಂಗಿನ ಬೆಳಕನ್ನು ಅದೇ ತಣ್ಣಗೆ ಮೇಲೆ ಎಸೆಯುತ್ತದೆ. ನೆಲ ಕೀಳಿಸುವ ಖರ್ಚು ಬೇಡ ಅಂದರೆ ಒಂದು ಕಂದು ಜಮಖಾನ ಹಾಸಿ ನೋಡಿ, ಗೋಡೆಯ ಬಣ್ಣ ಬದಲಾದ ಹಾಗೆ ಕಾಣುತ್ತದೆ. ದಾದರ್ ಮಾಟುಂಗಾದ ಹಳೆ ಮನೆಯವರಿಗೆ ಒಂದು ಕೈಮುಗಿದು ಬೇಡಿಕೆ. ನಿಮ್ಮ ನೆಲದಲ್ಲಿ ಕೈಯಲ್ಲಿ ಅಚ್ಚು ಹಾಕಿ ಮಾಡಿದ ಬಣ್ಣದ ಸಿಮೆಂಟ್ ಟೈಲ್ಸ್ ಇದ್ದರೆ ಅದರ ಮೇಲೆ ಹೊಸ ಟೈಲ್ಸ್ ಹಾಸಬೇಡಿ. 1922ರಲ್ಲಿ ಶುರುವಾದ ಮುಂಬಯಿಯ ಭಾರತ್ ಟೈಲ್ಸ್‌ನವರು ಇವತ್ತೂ ಅಂಥದ್ದನ್ನು ಮಾಡುತ್ತಾರೆ, ಹೊಸತಾಗಿ ಹಾಕಿಸಲು ಜನ ಎಷ್ಟು ಕೊಡುತ್ತಾರೆ ಅಂತ ಗೊತ್ತಾದರೆ ನೀವು ಅವುಗಳ ಮೇಲೆ ಚಪ್ಪಲಿ ಹಾಕಿ ಓಡಾಡಲ್ಲ.

ಆಕಾರಕ್ಕೆ ಬರೋಣ. ಈಗ ಎಲ್ಲ ದುಂಡು. ದುಂಡು ಸೋಫಾ, ದುಂಡು ಕನ್ನಡಿ, ಬಾಗಿಲಿಗೆ ಕಮಾನು, ಹಾಸಿಗೆಯ ತಲೆಹಲಗೆ ಅರ್ಧಚಂದ್ರ, ಕಾಲು ಕೂಡ ಮಡಕೆಯ ಹಾಗೆ ದಪ್ಪ. ಗೋಡೆಗೆ ಕೊಳವೆ ಸಾಲಿಟ್ಟ ಹಾಗೆ ಕಾಣುವ ಫ್ಲೂಟೆಡ್ ಪ್ಯಾನೆಲ್. ಮಿಲಾನಿನಿಂದ ಬಂತು ಅನ್ನುತ್ತಾರೆ. ಬಂದಿರಬಹುದು. ಆದರೆ ಇವತ್ತು ಇಲ್ಲಿಂದ ಮನೆಗೆ ಹೋಗುವಾಗ ಫೈವ್ ಗಾರ್ಡನ್ಸ್ ಕಡೆಯಿಂದ ಹೋಗಿ, ತಲೆ ಎತ್ತಿ ನೋಡಿ. ಮೂಲೆಯಲ್ಲಿ ತಿರುಗುವ ದುಂಡು ಬಾಲ್ಕನಿ, ಕಿಟಕಿ ಮೇಲೆ ಹುಬ್ಬಿನ ಹಾಗೆ ಬಳಸಿಕೊಂಡು ಹೋದ ಸಜ್ಜಾ, ಮೆಟ್ಟಿಲ ಬಳಿ ಹಡಗಿನ ಕಿಟಕಿಯಂಥ ಗುಂಡು ಕಿಟಕಿ. ಇದೇ ಆರ್ಟ್ ಡೆಕೊ. ಆ ಹೆಸರು ಬಂದದ್ದು 1925ರ ಪ್ಯಾರಿಸ್ ಪ್ರದರ್ಶನದಿಂದ, ಈಗ ನೂರು ವರ್ಷ ದಾಟಿತು. ಮುಂಬಯಿಗೆ ಅದು 1930ರ ದಶಕದಲ್ಲಿ ಆರ್‌ಸಿಸಿ, ಅಂದರೆ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಜೊತೆ ಬಂತು. ಕಲ್ಲಲ್ಲಿ ಬಗ್ಗಿಸಲು ಕಷ್ಟ ಇದ್ದದ್ದನ್ನು ಕಾಂಕ್ರೀಟು ಅಚ್ಚಿಗೆ ಸುರಿದು ಬಗ್ಗಿಸಬಹುದಾಯಿತು. 1933ರ ರೀಗಲ್, 1938ರ ಇರೋಸ್ ಟಾಕೀಸುಗಳು ಅದೇ ಕಾಲದವು. ಓವಲ್ ಮೈದಾನದ ಒಂದು ಬದಿಗೆ ಹೈಕೋರ್ಟಿನ ಚೂಪು ಗೋಪುರಗಳು, ಇನ್ನೊಂದು ಬದಿಗೆ ಈ ದುಂಡು ಮನೆಗಳು, 2018ರಲ್ಲಿ ಯುನೆಸ್ಕೊ ಎರಡನ್ನೂ ಸೇರಿಸಿ ವಿಶ್ವ ಪರಂಪರೆ ಪಟ್ಟಿಗೆ ಹಾಕಿತು. ಆ ಹುಬ್ಬು ಬರೀ ಚೆಂದಕ್ಕಲ್ಲ, ಜುಲೈಯಲ್ಲಿ ಗಾಳಿ ಸಮೇತ ಬರುವ ಮಳೆಗೆ ಕಿಟಕಿ ಅರ್ಧ ತೆರೆದಿಡಬಹುದು. ಈಗಿನ ಟವರುಗಳಲ್ಲಿ ಸಜ್ಜಾ ಇಲ್ಲ, ಗಾಜು ಇದೆ. ಗಾಜು ಮುಚ್ಚಿ ಎಸಿ ಹಾಕಿ, ಒಳಗೆ ಪ್ಲೈನಲ್ಲಿ ದುಂಡು ಮಾಡಿಸುತ್ತೇವೆ.

ದುಂಡು ನೋಡಿದರೆ ಮನಸ್ಸಿಗೆ ಹಿತ ಅನ್ನುವುದು ಸುಳ್ಳಲ್ಲ. 2006ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಜನರಿಗೆ ಚೂಪು ಮೂಲೆಯ ವಸ್ತುಗಳನ್ನೂ ದುಂಡು ಅಂಚಿನ ವಸ್ತುಗಳನ್ನೂ ತೋರಿಸಿದರು, ಜನ ದುಂಡನ್ನೇ ಹೆಚ್ಚು ಇಷ್ಟಪಟ್ಟರು. ಚೂಪು ಕಂಡರೆ ಅಪಾಯ ಅನ್ನಿಸುವುದು ಕಾರಣ ಇರಬಹುದು ಅಂತ ಅವರ ಊಹೆ. 2013ರಲ್ಲಿ ಕೋಣೆಗಳ ಚಿತ್ರ ಇಟ್ಟುಕೊಂಡು ಇನ್ನೊಂದು ತಂಡ ಇಂಥದ್ದೇ ನೋಡಿತು, ಬಾಗಿದ ಕೋಣೆಗಳನ್ನೇ ಜನ ಸುಂದರ ಅಂದರು. ಸರಿ. ಆದರೆ ಆ ಚಿತ್ರದ ಕೋಣೆಗಳು ನಾನೂರು ಚದರಡಿ ಕಾರ್ಪೆಟ್ ಏರಿಯಾದ ಮನೆಯ ಕೋಣೆಗಳಲ್ಲ.

ನನ್ನ ಲೆಕ್ಕ ಬೇರೆ. ಮುಂಬಯಿ ಮನೆಯಲ್ಲಿ ದುಂಡು ಬೇಕಾದದ್ದು ಮೊಣಕಾಲಿಗೆ, ಸೊಂಟಕ್ಕೆ. ಮೂರಡಿಯ ಚೌಕ ಟೇಬಲ್ ತೆಗೆದುಕೊಳ್ಳಿ. ಮೂಲೆಯಿಂದ ಮೂಲೆಗೆ 51 ಇಂಚು. ಅದೇ ಮೂರಡಿಯ ದುಂಡು ಟೇಬಲ್ ಎತ್ತ ಅಳೆದರೂ 36 ಇಂಚು. ಅಂದರೆ ಚೌಕದ ಪ್ರತಿ ಮೂಲೆ ದುಂಡಿಗಿಂತ ಏಳೂವರೆ ಇಂಚು ಹೊರಗೆ ಚಾಚಿರುತ್ತದೆ. ಅಡುಗೆಮನೆಗೆ ಹೋಗುವ ದಾರಿಯಲ್ಲಿ ನಿಮ್ಮ ತೊಡೆಗೆ ಬಡಿಯುವುದು ಆ ಏಳೂವರೆ ಇಂಚೇ. ನಷ್ಟವೂ ಇದೆ, ಒಂಬತ್ತು ಚದರಡಿಯ ಬದಲು ಏಳು ಚದರಡಿ ಸಿಗುತ್ತದೆ, ಗೋಡೆಗೆ ಒತ್ತಿ ಇಡಲು ಬರುವುದಿಲ್ಲ. ಹಾಗಾಗಿ ದಾರಿಯ ಮೇಲೆ ಇರುವುದಕ್ಕೆ ದುಂಡು, ಗೋಡೆಗೆ ಅಂಟುವುದಕ್ಕೆ ನೇರ. ಕಪಾಟನ್ನು ದುಂಡು ಮಾಡಿಸಿ ಒಳಗಿನ ಮೂಲೆ ಕಳೆದುಕೊಂಡವರು ಆಮೇಲೆ ಬೆಡ್‌ಶೀಟ್ ಎಲ್ಲಿ ಇಡಲಿ ಅಂತ ನನ್ನನ್ನೇ ಕೇಳುತ್ತಾರೆ. ಅಡುಗೆಕಟ್ಟೆಯ ಗ್ರಾನೈಟಿಗೆ ಹಾಫ್ ರೌಂಡ್ ಮೋಲ್ಡಿಂಗ್ ಮಾಡಿಸಿ, ಹೊರಗಿನ ಮೂಲೆ ಎರಡು ಇಂಚು ತಿರುಗಿಸಿ. ಟ್ರೆಂಡ್ ಇರಲಿ ಬಿಡಲಿ, ಚಿಕ್ಕ ಮಕ್ಕಳಿರುವ ಮನೆಗೆ ಅದು ಬೇಕು.

ಪ್ಲೈ ಹೇಗೆ ಬಗ್ಗುತ್ತದೆ ಅಂತ ನೋಡಿದ್ದೀರಾ? ಒಮ್ಮೆ ನೋಡಿದರೆ ದುಡ್ಡು ಯಾಕೆ ಜಾಸ್ತಿ ಅಂತ ತಿಳಿಯುತ್ತದೆ. ನನ್ನ ಮಿಸ್ತ್ರಿ ಗೋರಖಪುರದ ಕಡೆಯವನು. ಮೊದಲು ದಪ್ಪ ರಟ್ಟಿನಲ್ಲಿ ಬಾಗಿದ ಗೆರೆ ಎಳೆದು ಫರ್ಮಾ ಕತ್ತರಿಸುತ್ತಾನೆ. ಅದನ್ನಿಟ್ಟು 18 ಮಿಲಿಮೀಟರ್ ಪ್ಲೈನಲ್ಲಿ ಒಂದೇ ಥರದ ಪಕ್ಕೆಲುಬುಗಳನ್ನು ಕೊಯ್ಯುತ್ತಾನೆ. ಅವುಗಳನ್ನು ನಾಲ್ಕಿಂಚಿಗೊಂದರಂತೆ ನಿಲ್ಲಿಸಿದಾಗ ದೋಣಿಯ ಅಸ್ಥಿಪಂಜರ ನೋಡಿದ ಹಾಗೆ ಇರುತ್ತದೆ. ಅದರ ಮೇಲೆ ಫ್ಲೆಕ್ಸಿ ಪ್ಲೈ, ಬೆಡ್‌ಶೀಟ್ ಥರ ಸುರುಳಿ ಸುತ್ತಿ ತರಬಹುದಾದಷ್ಟು ಮೆತ್ತಗೆ. ಫೆವಿಕಾಲ್ ಸವರಿ ಒಂದು ಪದರ, ಜೋಡಣೆ ಒಂದೇ ಕಡೆ ಬರದ ಹಾಗೆ ಸರಿಸಿ ಇನ್ನೊಂದು ಪದರ, ಕ್ಲ್ಯಾಂಪ್ ಬಿಗಿದು ರಾತ್ರಿ ಬಿಡುವುದು. ಬೆಳಿಗ್ಗೆ ಬೆರಳ ಗೆಣ್ಣಿನಿಂದ ತಟ್ಟುತ್ತಾನೆ. ಟಕ್ ಅಂದರೆ ಕೂತಿದೆ, ಡಬ್ ಅಂದರೆ ಒಳಗೆ ಗಾಳಿ ಇದೆ. ಡಬ್ ಅಂದ ಕಡೆ ಪೆನ್ಸಿಲಿನಲ್ಲಿ ಸೊನ್ನೆ ಹಾಕುತ್ತಾನೆ. ಅದರ ಮೇಲೆ ಮಾಮೂಲಿ ಸನ್‌ಮೈಕಾ ಬಿಗಿ ತಿರುವಿಗೆ ಬಗ್ಗಲ್ಲ, ಒಡೆಯುತ್ತದೆ, ತೆಳುವಾದ ಬೇರೆ ಬಗೆಯದನ್ನು ಬಿಸಿ ಗಾಳಿ ಹಾಯಿಸಿ ಬಗ್ಗಿಸಬೇಕು, ಇಲ್ಲವೇ ವೆನೀರ್, ಅಂದರೆ ಮರದ ತೆಳು ಹಾಳೆ. "ಗೋಲ್ ಮೇ ಮಜೂರಿ ಡಬಲ್, ಮೇಡಂ" ಅನ್ನುತ್ತಾನೆ. ನಾನು ಚೌಕಾಸಿ ಮಾಡುವುದು ಬಿಟ್ಟಿದ್ದೇನೆ.

ಅಗ್ಗದ ದಾರಿಯೂ ಒಂದಿದೆ, ಮಾಮೂಲಿ ಪ್ಲೈನ ಬೆನ್ನಿಗೆ ಗರಗಸದಿಂದ ಸಾಲು ಗೀರು ಹಾಕಿ ಬಗ್ಗಿಸುವುದು. ಒಣ ಊರಿಗೆ ನಡೆದೀತು. ನನ್ನ ಸ್ವಂತ ಅಡುಗೆಮನೆಯ ತಿರುವಿಗೆ ಒಬ್ಬ ಕಂಟ್ರಾಕ್ಟರ್ ಹಾಗೇ ಮಾಡಿಕೊಟ್ಟ, ಅದೂ ನೀರು ತಡೆಯದ ಎಂಆರ್ ಗ್ರೇಡ್ ಪ್ಲೈನಲ್ಲಿ, ನಾನು ಊರಿಗೆ ಹೋದ ವಾರ ನೋಡಿಕೊಂಡು. ಎರಡನೇ ಮಳೆಗಾಲಕ್ಕೆ ಗೀರು ಗೀರಿಗೂ ಉಬ್ಬಿ ಹಲಸಿನ ಸಿಪ್ಪೆ ಆಯಿತು. ನೀರಿನ ಹತ್ತಿರದ ಕೆಲಸಕ್ಕೆ ಐಎಸ್ 710 ಅಂತ ಅಚ್ಚು ಇರುವ ಪ್ಲೈ ಕೇಳಿ, ಅಂಗಡಿಯವರ ಮಾತಿಗಿಂತ ಹಾಳೆ ಮೇಲಿನ ಅಚ್ಚು ನೋಡಿ, ನೀವು ಎದುರಿಗೆ ಇರುವಾಗ ಕೊಯ್ಯಿಸಿ.

ಕಮಾನಿನ ಬಗ್ಗೆ ನನ್ನ ತಕರಾರು ಹೇಳಿಬಿಡುತ್ತೇನೆ. ಕಮಾನು ಹುಟ್ಟಿದ್ದು ಭಾರ ಹೊರುವುದಕ್ಕೆ. ನಮ್ಮ ಫ್ಲ್ಯಾಟಿನಲ್ಲಿ ಭಾರ ಹೊರುವುದು ಮೇಲಿನ ಬೀಮು, ಕೆಳಗೆ ನಾವು ಅಂಟಿಸುವ ಕಮಾನು ವೇಷ. ವೇಷ ಹಾಕಲಿ, ತಪ್ಪಿಲ್ಲ, ನಾಟಕ ನಮಗೆ ಹೊಸದಾ? ಆದರೆ ಅಡುಗೆಮನೆಯ ಬಾಗಿಲು ಎರಡೂವರೆ ಅಡಿ ಅಗಲ, ಏಳಡಿ ಎತ್ತರ ಅಂತಿಟ್ಟುಕೊಳ್ಳಿ. ಪೂರ್ತಿ ಅರ್ಧಚಂದ್ರ ಮಾಡಿಸಿದರೆ ಗೋಡೆಯ ಪಕ್ಕದಲ್ಲಿ ನೇರ ಭಾಗ ಐದೂ ಮುಕ್ಕಾಲು ಅಡಿಗೇ ಮುಗಿಯುತ್ತದೆ. ಮಧ್ಯದಲ್ಲಿ ಮಾತ್ರ ಏಳಡಿ. ಹೊಸ ದೊಡ್ಡ ಫ್ರಿಜ್ ಬಂದ ದಿನ ನಾಲ್ಕು ಜನ ಅದನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೆ. ಮೂಲೆ ಮಾತ್ರ ಆರು ಇಂಚು ದುಂಡು ಮಾಡಿಸಿ, ಕಣ್ಣಿಗೆ ಕಮಾನೇ, ಫ್ರಿಜ್ಜಿಗೆ ಬಾಗಿಲು.

ಒಂದು ಹೊಸ ಫ್ಯಾಷನ್ನು ಮಾತ್ರ ನನಗೆ ನಿಜಕ್ಕೂ ಇಷ್ಟ. ಕಲರ್ ಡ್ರೆಂಚಿಂಗ್ ಅನ್ನುತ್ತಾರೆ, ಬಣ್ಣದಲ್ಲಿ ಅದ್ದುವುದು. ಗೋಡೆ, ಸೀಲಿಂಗ್, ಬಾಗಿಲ ಚೌಕಟ್ಟು, ಕಪಾಟು ಎಲ್ಲಕ್ಕೂ ಒಂದೇ ಬಣ್ಣ. ವಿದೇಶದಲ್ಲಿ ಅದನ್ನು ನಾಟಕೀಯತೆಗೆ ಮಾಡುತ್ತಾರೆ, ನಮಗೆ ಬೇರೆ ಉಪಯೋಗ ಇದೆ. ನಮ್ಮ ಹಳೆ ಬಿಲ್ಡಿಂಗುಗಳಲ್ಲಿ ಬೆಡ್‌ರೂಮಿನ ನಟ್ಟನಡುವೆ ಒಂದು ಬೀಮು ಇಳಿದಿರುತ್ತದೆ, ಅಲ್ವಾ? ಅದನ್ನು ಮುಚ್ಚಲು ಫಾಲ್ಸ್ ಸೀಲಿಂಗ್ ಹಾಕಿದರೆ ಒಂಬತ್ತಡಿಯ ಕೋಣೆ ಎಂಟಡಿ ಆಗುತ್ತದೆ. ಅದರ ಬದಲು ಬೀಮಿಗೂ ಸೀಲಿಂಗಿಗೂ ಗೋಡೆಗೂ ಒಂದೇ ತಿಳಿ ಮಣ್ಣಿನ ಬಣ್ಣ ಹೊಡೆಸಿ, ಅಂಚು ಕರಗುತ್ತದೆ, ಬೀಮು ಇದ್ದಲ್ಲೇ ಇರುತ್ತದೆ ಆದರೆ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ನಾಲ್ಕು ಮನೆಯಲ್ಲಿ ಮಾಡಿದ್ದೇನೆ, ನಾಲ್ಕೂ ಕಡೆ ಪಿಒಪಿಯ, ಅಂದರೆ ಫಾಲ್ಸ್ ಸೀಲಿಂಗಿನ ಪ್ಲಾಸ್ಟರಿನ ದುಡ್ಡು ಉಳಿಯಿತು. ಪಿಒಪಿಯವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಆರಿಸುವುದು ಹೇಗೆ ಅಂತ ಕೊನೆಗೆ. ಫೋನಲ್ಲಿ ನೋಡಿ ಆರಿಸಬೇಡಿ, ಫೋನಿನ ಬಣ್ಣ ಬೆಳಕಾಗಿ ಹೊರಗೆ ಬರುತ್ತದೆ, ಗೋಡೆ ಬೆಳಕನ್ನು ವಾಪಸ್ ಕೊಡುವುದಷ್ಟೇ. ಎಷ್ಟು ವಾಪಸ್ ಕೊಡುತ್ತದೆ ಅನ್ನುವುದಕ್ಕೆ ಎಲ್‌ಆರ್‌ವಿ ಅಂತ ಒಂದು ಅಂಕಿ ಇದೆ, ಕಡುಗಪ್ಪಿಗೆ 0, ಅಚ್ಚ ಬಿಳಿಗೆ 100. ಬೆಳಕು ಕಡಿಮೆ ಇರುವ ಹಾಲ್‌ಗೆ ನಾನು 60ರ ಕೆಳಗೆ ಇಳಿಯುವುದಿಲ್ಲ, ಬಾತ್‌ರೂಮಿಗೆ ಎಷ್ಟು ಗಾಢವಾದರೂ ಸೈ, ಅಲ್ಲಿ ಯಾರು ಪೇಪರ್ ಓದುತ್ತಾರೆ. (ಇಲ್ಲಿ ಮುಂದಿನ ಸಾಲಿನಲ್ಲಿ ಒಬ್ಬರು ಕೈ ಎತ್ತಿದರು.) ಎರಡಡಿ ಚೌಕದ ರಟ್ಟಿಗೆ ಬಣ್ಣ ಬಳಿದು ಗೋಡೆಗೆ ಒರಗಿಸಿ, ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ರಾತ್ರಿ ಲೈಟ್ ಹಾಕಿ ಒಂದು ಸಲ ನೋಡಿ. ರಾತ್ರಿಯದ್ದು ಮುಖ್ಯ, ಯಾಕಂದರೆ ನೀವು ಮನೆಯಲ್ಲಿ ಇರುವುದೇ ಆಗ. ಬೆಳಕಿನ ಬಣ್ಣವನ್ನು ಕೆಲ್ವಿನ್ನಿನಲ್ಲಿ ಅಳೆಯುತ್ತಾರೆ, ಅಂಕಿ ಇಳಿದಷ್ಟೂ ಹಳದಿ. 6500 ಕೆಲ್ವಿನ್ನಿನ ಬಿಳಿ ಟ್ಯೂಬ್ ಕೆಳಗೆ ಈ ಮಣ್ಣಿನ ಬಣ್ಣಗಳೆಲ್ಲ ಹೆಣದ ಬಣ್ಣ ಆಗುತ್ತವೆ. 3000ದ ಬಲ್ಬ್ ಹಾಕಿದರೆ ಜೀವ ಬರುತ್ತದೆ. ಎರಡು ಬಲ್ಬ್ ಬದಲಾಯಿಸಿ ನೋಡಿ, ಎಷ್ಟೋ ಮನೆಗೆ ಪೇಂಟರೇ ಬೇಕಾಗುವುದಿಲ್ಲ.

ಮತ್ತೆ, ಹೊರಗೆ ಜಾಲಿ ಇದೆಯಾ ನೋಡಿ.

ಇಷ್ಟು ಅಲ್ಲಿ ಹೇಳಿದ್ದು. ಇನ್ನೊಂದು ಆಮೇಲೆ ಆಯಿತು. ಪ್ರಶ್ನೆಗಳೆಲ್ಲ ಮುಗಿದು ಚಹಾ ಕುಡಿಯುವಾಗ ವಯಸ್ಸಾದವರೊಬ್ಬರು ಹತ್ತಿರ ಬಂದರು. ಪರೇಲಿನ ಚಾಳಿನಲ್ಲಿ ಹತ್ತು ಬೈ ಹನ್ನೆರಡರ ಖೋಲಿಯಲ್ಲಿ ನಲವತ್ತು ವರ್ಷ ಇದ್ದವರು. ಚಾಳು ರೀಡೆವಲಪ್‌ಮೆಂಟಿಗೆ ಹೋಗಿ ಈಗ ಹದಿನೇಳನೇ ಮಾಳಿಗೆಯಲ್ಲಿ ಮನೆ ಸಿಕ್ಕಿದೆ. "ನಮ್ಮ ಖೋಲಿಯದ್ದು ಒಂದು ತಿಳಿ ಹಸಿರು ಇತ್ತಮ್ಮಾ, ಅದು ಈಗ ನಡೀತಿದೆಯಾ?" ಅಂದರು. ನಡೀದೇ ಇದ್ದರೂ ಮಾಡಿಸೋಣ ಅಜ್ಜ, ಗೋಡೆಯ ಒಂದು ಚಕ್ಕೆ ಇದ್ದರೆ ಅಂಗಡಿಯ ಮೆಷಿನ್ ಓದಿ ಅದೇ ಬಣ್ಣ ಕಲಸಿಕೊಡುತ್ತದೆ, ಅಂದೆ. ಗೋಡೆ ಎಲ್ಲಿಂದ ತರಲಿ, ಒಡೆದು ಮೂರು ವರ್ಷ ಆಯಿತು, ಅಂದು ಹೋದರು.

ಮುಂದಿನ ವಾರ ಸಂಘಕ್ಕೆ ಒಂದು ಹಲಗೆ ತಂದಿದ್ದರು, ಗೋಣಿಚೀಲದಲ್ಲಿ ಸುತ್ತಿ. ರೇಡಿಯೋ ಇಡುತ್ತಿದ್ದ ಹಲಗೆ. ಖೋಲಿಗೆ ಹೊಡೆದ ಹಸಿರಿಗೇ ಹೊಂದುವ ಆಯಿಲ್ ಪೇಂಟ್ ಅದಕ್ಕೂ ಹೊಡೆದಿದ್ದರಂತೆ. ನಡುವೆ ರೇಡಿಯೋ ಕೂತಿದ್ದ ಜಾಗದಲ್ಲಿ ಒಂದು ಆಯತ, ಎಳೇ ಬಾಳೆ ಸುಳಿಯ ಹಸಿರು. ಸುತ್ತ ಸ್ಟೋವಿನ ಹೊಗೆ, ಊದುಬತ್ತಿಯ ಹೊಗೆ ತಿಂದು ಮಾಸಿದ, ಹಳದಿ ತಿರುಗಿದ ಇನ್ನೊಂದು ಹಸಿರು. ನಾನು ನಡುವಿನದ್ದೇ ಅಸಲಿ ಬಣ್ಣ ಅಂದುಕೊಂಡು ಅಲ್ಲಿ ಬೆರಳಿಟ್ಟೆ. ಅವರು ನನ್ನ ಕೈ ಹಿಡಿದು ಮೆಲ್ಲಗೆ ಪಕ್ಕಕ್ಕೆ, ಮಾಸಿದ ಕಡೆಗೆ ಸರಿಸಿದರು. "ಅದಲ್ಲ. ಅವಳಿದ್ದಾಗ ಇದ್ದದ್ದು ಇದು" ಅಂದರು.

ಅಂಗಡಿಯ ಮೆಷಿನ್ ಅದನ್ನೇ ಓದಿತು. ಒಂದು ಲೀಟರಿನ ಡಬ್ಬಿ ಸ್ಯಾಂಪಲ್ಲಿಗೆ ಕಲಸಿದ್ದಾರೆ. ಎರಡಡಿ ರಟ್ಟು ಹದಿನೇಳನೇ ಮಾಳಿಗೆಯಲ್ಲಿ ಗೋಡೆಗೆ ಒರಗಿ ನಿಂತಿದೆ, ಈ ಭಾನುವಾರ ರಾತ್ರಿ ಲೈಟ್ ಹಾಕಿ ನೋಡುತ್ತೇವೆ.